ಕಾಗದದ ಎಮ್ಮೆ, ಅಳಿಯನ ಬೈಕು

ಕೆಲವು ವರ್ಷಗಳ ಹಿಂದೆ ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಕೈಯಿಂದ ಒಂದು ಫಲಕ ಕೊಡಿಸಿದರು. ಸಾಲವನ್ನು ನೂರಕ್ಕೆ ನೂರು ಮರುಪಾವತಿ ಮಾಡಿದ ಮಹಿಳಾ ಸಂಘಕ್ಕೆ ಸನ್ಮಾನ. ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ಎಂದು ನಾನೇ ಮುಖ್ಯ ಅತಿಥಿ. ಶಾಲು ಹೊದ್ದು ಮೈಕಿನ ಮುಂದೆ ನಿಂತು, "ಗಂಡಸರು ಸಾಲ ಮುಳುಗಿಸುತ್ತಾರೆ, ಹೆಣ್ಣುಮಕ್ಕಳು ತೀರಿಸುತ್ತಾರೆ" ಎಂದು ಬಹಳ ಹೆಮ್ಮೆಯಿಂದ ಹೇಳಿದೆ. ಚಪ್ಪಾಳೆ ಬಿತ್ತು.

ಸಭೆ ಮುಗಿದು ಬಸ್ಸಿಗೆ ಕಾಯುವಾಗ ಐವತ್ತರ ಆಸುಪಾಸಿನ ಒಬ್ಬ ತಾಯಿ ಬಂದು ಪಕ್ಕದಲ್ಲಿ ನಿಂತರು. "ಮೇಡಂ, ನೀವು ಹೇಳಿದ್ದು ಖರೇ ಐತ್ರಿ. ತೀರಿಸಿದ್ದು ಹೆಂಗ ಅಂತ ಮಾತ್ರ ಯಾರೂ ಕೇಳಲಿಲ್ಲ" ಎಂದರು. ಆ ನೂರರಲ್ಲಿ ಕೊನೆಯ ಒಂದು ಕಂತು ಅವರ ಮನೆಯಿಂದ ಹೊರಟದ್ದು. ಕಂತು ತಪ್ಪಿದ ದಿನ ಗುಂಪಿನ ಹೆಂಗಸರು ಬೆಳಿಗ್ಗೆಯೇ ಬಂದು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಒಲೆ ಹಚ್ಚಲು ಬಿಡಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ, ಈಕೆಯ ತವರಿನಿಂದ ಬಂದಿದ್ದ ಹಿತ್ತಾಳೆಯ ದೊಡ್ಡ ಬೋಗುಣಿಯನ್ನು ಹೊತ್ತುಕೊಂಡು ಹೋಗಿ ಕೊಟ್ಟೂರಿನಲ್ಲಿ ಮಾರಿ ಕಂತು ತುಂಬಿದರು. ಕೂತವರಲ್ಲಿ ಈಕೆಯ ಸ್ವಂತ ಓರಗಿತ್ತಿಯೂ ಇದ್ದಳು. "ಬೋಗುಣಿ ಹೋಗಿದ್ದಕ್ಕ ನನಗ ದುಃಖ ಇಲ್ರಿ. ಕಟ್ಟಿ ಮ್ಯಾಲ ಕುಂತವರು ಬ್ಯಾರೆ ಯಾರರ ಆಗಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ನಾನು ಫಲಕ ಕೊಟ್ಟದ್ದು ಆ ಬೋಗುಣಿಗೆ. ಅಂದಿನಿಂದ ಇಂಥ ಸಭೆಗಳಿಗೆ ಹೋಗುವುದನ್ನು ಬಿಟ್ಟೆ. ಆದರೆ ಆ ತಾಯಿಯ ಮನೆಗೆ ಹೋಗುವುದನ್ನು ಶುರು ಮಾಡಿದೆ. ಅಲ್ಲಿ ನೋಡಿದ್ದನ್ನು ಈ ಪತ್ರಿಕೆಯ ಓದುಗರಾದ ಸಂಘದ ಅಕ್ಕತಂಗಿಯರ ಮುಂದೆ ಇಡಬೇಕಾಗಿದೆ. ಕೆಲವು ಮಾತು ಕಹಿಯಾಗಿರುತ್ತವೆ. ಅದರಲ್ಲಿ ನನ್ನ ಪಾಲೂ ಇದೆ.

ಆ ಮನೆಯ ಟ್ರಂಕಿನಲ್ಲಿದ್ದ ಪಾಸ್‌ಬುಕ್ಕು, ಕಂತಿನ ಕಾರ್ಡುಗಳನ್ನೆಲ್ಲ ಚಾಪೆಯ ಮೇಲೆ ಹರಡಿದೆವು. ಮೂರು ಮೈಕ್ರೋಫೈನಾನ್ಸ್ ಕಂಪನಿಗಳಲ್ಲಿ 60,000, 50,000, 45,000. ಸ್ವಸಹಾಯ ಸಂಘದಿಂದ 30,000. ಗಿರವಿ ಅಂಗಡಿಯಲ್ಲಿ ಬಂಗಾರದ ಮೇಲೆ 60,000. ಊರಿನ ಬಡ್ಡಿ ವ್ಯವಹಾರದವನಿಂದ 80,000. ಒಟ್ಟು 3,25,000 ರೂಪಾಯಿ. ಗಂಡ-ಹೆಂಡತಿ ಇಬ್ಬರ ಕೂಲಿ, ಮಳೆಯಾಶ್ರಿತ ಎರಡೆಕರೆಯ ಶೇಂಗಾ ಎಲ್ಲ ಸೇರಿದರೂ ತಿಂಗಳಿಗೆ 14,000 ದಾಟುವುದಿಲ್ಲ. ಗಿರವಿಯ ಬಡ್ಡಿ ಬಿಟ್ಟು ಉಳಿದವುಗಳ ಕಂತು ಮತ್ತು ಬಡ್ಡಿಯೇ 13,700.

ಮೊದಲ ಕಾರ್ಡಿನಲ್ಲಿ ಸಾಲದ ಉದ್ದೇಶ "ಹೈನುಗಾರಿಕೆ" ಎಂದಿತ್ತು. ಎರಡನೆಯದರಲ್ಲೂ ಅದೇ. ಹಿತ್ತಲಲ್ಲಿ ಗೂಟ ಕೂಡ ಇರಲಿಲ್ಲ. ಎಮ್ಮೆ ಎಲ್ಲಿ ಎಂದು ಕೇಳಿದೆ. "ಎಮ್ಮಿ ಎಲ್ಲೈತ್ರಿ ಮೇಡಂ? ಎಮ್ಮಿ ಅಳಿಯನ ಮನಿಯಾಗ ಬೈಕ್ ಆಗೇತಿ" ಎಂದರು ಆ ತಾಯಿ. ನಗು ಬರುವಂತೆ ಹೇಳಿದರು, ಆದರೆ ಮನೆಯಲ್ಲಿ ಯಾರೂ ನಗಲಿಲ್ಲ. ಒಳಗಿನ ಕೋಣೆಯಲ್ಲಿ ಮಗಳು ಮಲಗಿದ್ದಳು. ಗಂಡನ ಮನೆಯಿಂದ ಮೂರನೆಯ ಸಲ ಕಳಿಸಿದ್ದರು, ಇನ್ನೂ ಐವತ್ತು ಸಾವಿರ ತಂದರೆ ಮಾತ್ರ ಬಾ ಎಂದು. ಕೆನ್ನೆ ಊದಿತ್ತು.

ಈ ಐದು ತಾಲ್ಲೂಕುಗಳಲ್ಲಿ ಯಾವ ಊರಿಗಾದರೂ ಹೋಗಿ, ಹೆಣ್ಣುಮಕ್ಕಳ ಹೆಸರಿನ ಸಾಲದ ಕಾಗದ ತೆಗೆಸಿ ನೋಡಿ. ಹರಪನಹಳ್ಳಿಯ ಮೆಕ್ಕೆಜೋಳದ ಹೊಲದಲ್ಲಿ ಕೂಲಿ ಮಾಡುವವಳು, ಹಡಗಲಿಯಲ್ಲಿ ಮಲ್ಲಿಗೆ ಬಿಡಿಸುವವಳು, ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಸೊಪ್ಪು ಮಾರುವವಳು, ಎಲ್ಲರ ಕಾಗದದಲ್ಲೂ ಎಮ್ಮೆ ಇದೆ, ಕುರಿ ಇದೆ, ಹೊಲಿಗೆ ಯಂತ್ರ ಇದೆ, ಕಿರಾಣಿ ಅಂಗಡಿ ಇದೆ. ಎಲ್ಲವೂ ಸುಳ್ಳೆಂದು ನಾನು ಹೇಳುವುದಿಲ್ಲ. ಎಮ್ಮೆ ಕೊಂಡು ಹಾಲು ಹಾಕಿ ಸಾಲ ತೀರಿಸಿದವರೂ ನಮ್ಮ ನಡುವೆ ಇದ್ದಾರೆ. ಆಸ್ಪತ್ರೆಗೆಂದು, ಕೊಳವೆಬಾವಿಗೆಂದು, ಮಗನ ಫೀಸಿಗೆಂದು ಹೋದ ಸಾಲವೂ ಇದೆ. ಆದರೆ ಮನೆ ಮುರಿಯುವಷ್ಟು ಬೆಳೆದ ಸಾಲದ ಬುಡ ಅಗೆಯುತ್ತ ಹೋದರೆ ಎಷ್ಟೋ ಕಡೆ ಒಂದು ಮದುವೆ ಸಿಗುತ್ತದೆ. ವರದಕ್ಷಿಣೆ ಎಂದು ಯಾರೂ ಹೇಳುವುದಿಲ್ಲ. "ವರೋಪಚಾರ", "ಅವರ ಮರ್ಯಾದೆಗೆ ತಕ್ಕಂತೆ", "ಹುಡುಗನಿಗೊಂದು ಗಾಡಿ", "ಮೂರು ತೊಲ". ಮಠದಲ್ಲಿ, ಜಾತ್ರೆಯಲ್ಲಿ ಸಾಮೂಹಿಕ ವಿವಾಹದಲ್ಲಿ ತಾಳಿ ಕಟ್ಟಿಸಿದವರ ಮನೆಗೂ ಹಿತ್ತಲ ಬಾಗಿಲಿನಿಂದ ಬೈಕು ಹೋಗಿದೆ. ಮಾಜಿ ದೇವದಾಸಿ ತಾಯಂದಿರ ಪಾಡಂತೂ ಹೇಳತೀರದು. ಮುತ್ತು ಕಟ್ಟುವುದನ್ನು 1982ರ ಕಾಯ್ದೆ ನಿಷೇಧಿಸಿತು. ಆದರೆ ಮಗಳಿಗೆ ಅಪ್ಪನ ಹೆಸರಿಲ್ಲ ಎಂಬ ಒಂದೇ ಮಾತು ಹಿಡಿದು ವರನ ಕಡೆಯವರು ಇನ್ನೊಂದು ತೊಲ ಏರಿಸುತ್ತಾರೆ.

ಇದು ಅನಾದಿಕಾಲದ ಪದ್ಧತಿ ಎನ್ನುವವರಿಗೆ ಒಂದು ಮಾತು. ನಮ್ಮ ಭಾಗದ ಅನೇಕ ಜಾತಿಗಳಲ್ಲಿ ಅಜ್ಜಿಯರ ಕಾಲಕ್ಕೆ ಇದ್ದದ್ದು ತೆರ. ಗಂಡಿನವರು ಹೆಣ್ಣಿನವರಿಗೆ ಕೊಡುತ್ತಿದ್ದರು. ಅದೂ ಹೆಣ್ಣಿಗೆ ಬೆಲೆ ಕಟ್ಟುವ ಪದ್ಧತಿಯೇ, ಅದನ್ನು ಹೊಗಳುತ್ತಿಲ್ಲ. ಮದುವೆಯ ಖರ್ಚಿಗೆ ಸಾಲ ಮಾಡಿ ಗೌಡರ ಮನೆಯಲ್ಲಿ ಜೀತಕ್ಕೆ ನಿಂತ ಗಂಡಸರು ಎಷ್ಟೋ ಮಂದಿ. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂದಾಗ, ಸಾಲದ ಹೆಸರಿನಲ್ಲಿ ಮನುಷ್ಯನನ್ನು ಹಿಡಿದಿಡುವಂತಿಲ್ಲ ಎಂದು ಆ ಸಾಲವನ್ನೇ ಅಳಿಸಿ ಹಾಕಿತು. ಅದೇ ವರ್ಷ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರು, ಭೂಹೀನ ಕೂಲಿಕಾರರ ಸಾಲ ತೊಡೆಯಿತು. ಅಂದು ಸಾಲಕ್ಕೆ ಸಿಕ್ಕಿಬಿದ್ದವನು ಗಂಡಸು, ಹೆಬ್ಬೆಟ್ಟು ಅವನದು. ಇಂದು ತೆರ ಹೋಗಿ ವರದಕ್ಷಿಣೆ ಬಂದಿದೆ, ಹೆಬ್ಬೆಟ್ಟು ಹೆಣ್ಣಿನದಾಗಿದೆ. ಹಣ ತೆಗೆದುಕೊಂಡವನು ವರ, ಮಾತುಕತೆಗೆ ಕೂತವರು ಗಂಡಸರು, ಸಹಿ ಮಾತ್ರ ತಾಯಿಯದು. ಏಕೆಂದರೆ ಕಂಪನಿ ಗಂಡಸಿಗೆ ಸಾಲ ಕೊಡುವುದಿಲ್ಲ.

ಏಕೆ ಕೊಡುವುದಿಲ್ಲ? ಈ ಪ್ರಶ್ನೆಯನ್ನು ನಾವು ಬಿಡಬಾರದು. ಈ ಸಾಲಕ್ಕೆ ಹೊಲ, ಮನೆ, ಬಂಗಾರ ಯಾವುದನ್ನೂ ಒತ್ತೆ ಇಡಬೇಕಿಲ್ಲ ಎಂದು ದೊಡ್ಡದಾಗಿ ಹೇಳುತ್ತಾರೆ. ನಿಜ, ಇಡಿಸುವಂತೆಯೂ ಇಲ್ಲ. ಆದರೆ ಒತ್ತೆ ಇಲ್ಲದೆ ನೂರಕ್ಕೆ ನೂರು ವಸೂಲಿ ಆಗುವುದಾದರೂ ಹೇಗೆ? ಒತ್ತೆ ಇದೆ. ಅದು ಹೆಣ್ಣಿನ ಮಾನ. ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದಕ್ಕಿಂತ ಸಾಯುವುದೇ ಮೇಲು ಎಂದು ಚಿಕ್ಕಂದಿನಿಂದ ನಮಗೆ ಕಲಿಸಿದ್ದಾರಲ್ಲ, ಆ ಕಲಿಕೆಯನ್ನೇ ಒತ್ತೆ ಇಟ್ಟುಕೊಂಡಿದ್ದಾರೆ. ಅದೇ ಮಾನ ಹೋದೀತೆಂದು ತಾಯಿ ಬೈಕು ಕೊಟ್ಟಳು. ಅದೇ ಮಾನ ಹೋದೀತೆಂದು ಮಗಳು ಊದಿದ ಕೆನ್ನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ತಾಯಿ ಕಂತು ತಪ್ಪಿಸಿದ ವಾರ ಕಟ್ಟೆಯ ಮೇಲೆ ಬೈಗುಳ, ಮಗಳು ದುಡ್ಡು ತಾರದ ತಿಂಗಳು ಗಂಡನ ಹೊಡೆತ. ಇವೆರಡು ಬೇರೆ ಬೇರೆ ಸಮಸ್ಯೆ ಎಂದು ಇಷ್ಟು ದಿನ ಬೇರೆ ಬೇರೆ ಸಭೆ ಮಾಡುತ್ತಾ ಬಂದಿದ್ದೇವೆ.

ಇನ್ನು ಸಂಘ ಎಂಬ ಮಾತು. ಸ್ವಸಹಾಯ ಸಂಘದ ಕಲ್ಪನೆ ಬೆಳೆದದ್ದು ನಮ್ಮ ಕರ್ನಾಟಕದಲ್ಲೇ. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಪರಸ್ಪರ ನಂಬುವ ಹದಿನೈದು-ಇಪ್ಪತ್ತು ಹೆಂಗಸರು ಮೊದಲು ವಾರಕ್ಕೆ ಹತ್ತೋ ಇಪ್ಪತ್ತೋ ಉಳಿಸಿ, ತಮ್ಮ ದುಡ್ಡನ್ನು ತಾವೇ ಸಾಲ ಕೊಟ್ಟುಕೊಂಡು, ಬಡ್ಡಿ ಎಷ್ಟೆಂದು ತಾವೇ ತೀರ್ಮಾನಿಸುವುದು ಅದರ ಜೀವಾಳ. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದ ಹೆಂಗಸರೇ ಮುಂದೆ ಉಳಿತಾಯದ ಗುಂಪು ಕಟ್ಟಿದರು. ಅಂದರೆ ಉಳಿತಾಯದ ಹಿಂದೆ ಒಂದು ಹೋರಾಟವಿತ್ತು.

ಕಂಪನಿಗಳ ಗುಂಪು ಅದಲ್ಲ. ಅಲ್ಲಿ ಉಳಿತಾಯವಿಲ್ಲ, ಠರಾವು ಪುಸ್ತಕವಿಲ್ಲ. ಐದಾರು ಹೆಂಗಸರನ್ನು ಕೂಡಿಸಿ ಒಬ್ಬರಿಗೊಬ್ಬರು ಜಾಮೀನು ಮಾಡಿಸುತ್ತಾರೆ, ಅಷ್ಟೆ. ಆದರೆ ಊರಲ್ಲಿ ಎರಡಕ್ಕೂ ಹೆಸರು "ಸಂಘ", ಎರಡೂ "ಸಂಘದ ಸಾಲ". ನಾನು ಫಲಕ ಕೊಟ್ಟದ್ದೂ ಇಂಥದೇ ಒಂದು ಸಾಲದ ಗುಂಪಿಗೆ ಎಂದು ಆಮೇಲೆ ತಿಳಿಯಿತು. ಅರ್ಥಶಾಸ್ತ್ರದ ಮೇಡಂಗೂ ಗೊತ್ತಾಗಿರಲಿಲ್ಲ. ಹೋಗಲಿ, ನಮ್ಮ ಸಂಘಗಳು ಬೇರೆ ಎಂದು ಎದೆ ತಟ್ಟಿ ಹೇಳಬಹುದೆ? ಬ್ಯಾಂಕಿನ ಸಾಲ ದೊಡ್ಡದಾದ ಹಾಗೆ ನಮ್ಮ ಪ್ರತಿನಿಧಿಗಳೂ ಅದೇ ಕಲಿತರು. ಕಂತು ತಪ್ಪಿದವಳ ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬೀಳುವುದನ್ನೇ ಕಾದು ಎಟಿಎಂವರೆಗೆ ಜೊತೆಗೆ ಹೋಗುತ್ತಾರೆ. ರೇಷನ್ ಕಾರ್ಡು ಇಟ್ಟುಕೊಳ್ಳುತ್ತಾರೆ. ಹಳೆಯ ಕಾಲದ ಸಾಹುಕಾರ ತನ್ನ ಆಳನ್ನು ಕಳಿಸುತ್ತಿದ್ದ. ಅವನಿಗೆ ಕೂಲಿಯಾದರೂ ಸಿಗುತ್ತಿತ್ತು. ನಾವು ಕೂಲಿಯಿಲ್ಲದೆ ಆ ಕೆಲಸ ಮಾಡುತ್ತಿದ್ದೇವೆ.

ಇದರ ಫಲ ಏನೆಂದು 2025ರ ಜನವರಿಯಲ್ಲಿ ನಾಡಿಗೆಲ್ಲ ಗೊತ್ತಾಯಿತು. ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಕುಟುಂಬಗಳು ಊರು ಬಿಟ್ಟವು. ತುಂಗಭದ್ರೆಯ ಆಚೆಯ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯ ಉಳಿಸಿಕೊಡಿ ಎಂದು ತಾಳಿಯನ್ನು ಅಂಚೆಯಲ್ಲಿ ಸರ್ಕಾರಕ್ಕೆ ಕಳಿಸಿದರು. ಅಲ್ಲಲ್ಲಿ ಆತ್ಮಹತ್ಯೆಗಳಾದವು. ನಮ್ಮ ಕಡೆ ಬೀಗ ಹಾಕುವುದು ಹೊಸದೇನಲ್ಲ, ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ರೂಢಿ. ಈಗ ಮಳೆ ಬಂದ ವರ್ಷವೂ ಹೋಗುತ್ತಾರೆ. ಬರಕ್ಕಲ್ಲ, ಕಂತಿಗೆ ಹೆದರಿ.

ಆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ನೋಂದಣಿಯಾಗಲಿ ಲೈಸೆನ್ಸಾಗಲಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ತೀರಿದಂತೆಯೇ ಎಂದೂ ಹೇಳಿತು. ಇದನ್ನು ಕೇಳಿ ಎಲ್ಲ ಸಾಲವೂ ಮನ್ನಾ ಆಯಿತೆಂದು ಊರೂರಲ್ಲಿ ಸುದ್ದಿ ಹಬ್ಬಿಸಿದರು. ಹಾಗಿಲ್ಲ. ಬ್ಯಾಂಕಿನ ಸಾಲ, ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯ ಸಾಲ ಹಾಗೆಯೇ ಇದೆ. ಮನ್ನಾ ಮಾಡಿಸಿಕೊಡುತ್ತೇವೆಂದು ಅರ್ಜಿಗಿಷ್ಟು, ಫೋಟೋಕ್ಕಿಷ್ಟು ಎಂದು ದುಡ್ಡೆತ್ತುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಯಾರೂ ಏನೂ ಕಟ್ಟಬೇಡಿ ಎಂದು ಭಾಷಣ ಮಾಡುವವರನ್ನೂ ನಾನು ಒಪ್ಪುವುದಿಲ್ಲ. ಭಾಷಣ ಮಾಡಿದವರು ಸಂಜೆ ಬಸ್ಸು ಹತ್ತಿ ಹೋಗುತ್ತಾರೆ, ನೋಟೀಸು ನಿಮ್ಮ ಮನೆಗೆ ಬರುತ್ತದೆ.

ಹಾಗಾದರೆ ಮುಳುಗುತ್ತಿರುವವಳು ಏನು ಮಾಡಬೇಕು? ಆ ತಾಯಿಯ ಮನೆಯಲ್ಲಿ ನಾವು ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಬರೆದೆವು. ಮಗನ ಹಳೆಯ ನೋಟುಬುಕ್ಕಿನಲ್ಲಿ ಯಾರಿಂದ ಎಷ್ಟು, ಯಾವಾಗ, ಬಡ್ಡಿ ಎಷ್ಟು, ಇದುವರೆಗೆ ಕಟ್ಟಿದ್ದೆಷ್ಟು ಎಂದು. ಇಷ್ಟಕ್ಕೇ ಎರಡು ದಿನ ಹಿಡಿಯಿತು, ಏಕೆಂದರೆ ಒಂದು ಸಾಲ ಗಂಡನಿಗೆ ಗೊತ್ತಿರಲಿಲ್ಲ, ಇನ್ನೊಂದು ಹೆಂಡತಿಗೆ ಗೊತ್ತಿರಲಿಲ್ಲ. ಬರೆದ ಮೇಲೆ ಒಂದು ಆಣೆ ಮಾಡಿಸಿದೆ: ಸಾಲ ತೀರಿಸಲು ಸಾಲ ತರುವುದಿಲ್ಲ. ಆರು ಸಾಲಗಳಲ್ಲಿ ಎರಡು ಹುಟ್ಟಿದ್ದೇ ಹಾಗೆ.

ಬಡ್ಡಿಯವನ 80,000ಕ್ಕೆ ನೂರಕ್ಕೆ ಐದರ ಬಡ್ಡಿ. ತಿಂಗಳ ಲೆಕ್ಕ ಅದು, ವರ್ಷಕ್ಕೆ ನೂರಕ್ಕೆ 60. ತಿಂಗಳಿಗೆ 4,000ದಂತೆ 26 ತಿಂಗಳು ಕಟ್ಟಿದ್ದರು, 1,04,000 ರೂಪಾಯಿ. ಅಸಲು ಮಾತ್ರ 80,000 ಹಾಗೆಯೇ ಕೂತಿತ್ತು. ಕರ್ನಾಟಕದಲ್ಲಿ ಬಡ್ಡಿ ವ್ಯವಹಾರಕ್ಕೆ ಲೈಸೆನ್ಸ್ ಬೇಕು. ಒತ್ತೆಯಿಲ್ಲದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 16ರ ಮೇಲೆ, ಒತ್ತೆಯಿರುವ ಸಾಲಕ್ಕೆ 14ರ ಮೇಲೆ ಲೈಸೆನ್ಸ್ ಇದ್ದವನೂ ಬಡ್ಡಿ ಹಾಕುವಂತಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ 16ರ ಲೆಕ್ಕ ಹಾಕಿ ತೋರಿಸಿದೆ. ಅದೇ 4,000 ಕಟ್ಟುತ್ತ ಹೋಗಿದ್ದರೆ 24ನೆಯ ತಿಂಗಳಿಗೆ ಅಸಲು-ಬಡ್ಡಿ ಎರಡೂ ಚುಕ್ತಾ. ಆ ತಾಯಿ ಕ್ಯಾಲೆಂಡರನ್ನು ಬಹಳ ಹೊತ್ತು ನೋಡುತ್ತ ಕೂತರು. ಅವನ ಬಳಿ ಲೈಸೆನ್ಸೂ ಇರಲಿಲ್ಲ. ಆದರೆ ಇವರ ಗಂಡ ಸಹಿ ಮಾಡಿದ ಖಾಲಿ ಚೆಕ್ಕೂ ಬಾಂಡ್ ಪೇಪರೂ ಇದ್ದವು. ಖಾಲಿ ಚೆಕ್ಕು ಕೊಡಬೇಡಿ, ಸತ್ತರೂ ಕೊಡಬೇಡಿ. ಚೆಕ್ಕು ಬೌನ್ಸ್ ಆದರೆ ಅದು ಕ್ರಿಮಿನಲ್ ಮೊಕದ್ದಮೆ, ಎರಡು ವರ್ಷದವರೆಗೆ ಶಿಕ್ಷೆ ಇದೆ.

ಕಂಪನಿಗಳ ವಿಷಯಕ್ಕೆ ಬರೋಣ. ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಒಂದು ಮನೆಯ ಎಲ್ಲ ಸಾಲದ ಕಂತೂ ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗುವಂತೆ ಸಾಲ ಕೊಡಬಾರದು. ಈ ಮನೆಗೆ ಅರ್ಧವೆಂದರೆ 7,000. ಮೂರು ಕಂಪನಿಗಳ ಕಂತೇ ಅದಕ್ಕಿಂತ ಜಾಸ್ತಿ ಇತ್ತು. ಹೆಚ್ಚು ಪಡೆದದ್ದು ಈಕೆಯ ತಪ್ಪಾದರೆ, ಆದಾಯ ನೋಡದೆ ಕೊಟ್ಟದ್ದು ಯಾರ ತಪ್ಪು? ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ ಫೋನು ಮಾಡಿ ಮಾನ ಕಳೆಯುವಂತಿಲ್ಲ. ಮೂರೂ ಕಂಪನಿಗಳಿಗೆ ಒಂದೇ ರೀತಿಯ ಅರ್ಜಿ ಬರೆದೆವು: ಸಾಲ ಇದೆ ಎಂದು ಒಪ್ಪುತ್ತೇನೆ, ಆದಾಯ ಇಷ್ಟು, ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿಕೊಡಿ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ. ಜೆರಾಕ್ಸಿನ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಂಡೆವು. ಬಾಯಿಮಾತಿನಲ್ಲಿ ಹೇಳಿದರೆ "ಮೇಲಿನವರನ್ನು ಕೇಳಬೇಕು" ಎನ್ನುತ್ತಾರೆ; ಬರೆದು ಕೊಟ್ಟರೆ ಮೇಲಿನವರಿಗೆ ಕಳಿಸಲೇಬೇಕು. ಎರಡು ಕಂಪನಿ ಒಪ್ಪಿದವು. ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ. ವಿಚಾರಿಸಲು 14448ಕ್ಕೆ ಫೋನು ಮಾಡಿ.

ಮೂರನೆಯ ಕಂಪನಿಯನ್ನೂ ಬಡ್ಡಿಯವನನ್ನೂ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಯ್ದೆವು. ಅದು ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣಿಗೆ ಅವಳ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಲೋಕ ಅದಾಲತ್‌ನಲ್ಲಿ ಮೊಕದ್ದಮೆ ಹೂಡುವ ಮೊದಲೇ ರಾಜಿ ಮಾಡಿಕೊಳ್ಳಬಹುದು, ಕೋರ್ಟು ಫೀಸು ಇಲ್ಲ. ಬಡ್ಡಿಯವನಿಗೆ ಅಲ್ಲಿಂದ ಒಂದು ಕಾಗದ ಹೋದದ್ದೇ ತಡ, ಚೆಕ್ಕು ವಾಪಸು ಬಂತು. ಬಾಂಡ್ ಪೇಪರು ಇನ್ನೂ ಬಂದಿಲ್ಲ.

ನಡುವೆ ಒಮ್ಮೆ ಆಕೆಯ ಗಂಡ "ಪಾಪರ್ ಚೀಟಿ ತಗೊಂಡರ ಹೆಂಗ್ರಿ?" ಎಂದು ಕೇಳಿದರು. ಎಲ್ಲ ಹೋಗಲಿ, ದಿವಾಳಿ ಎಂದು ಕೈ ಎತ್ತಿಬಿಡೋಣ ಎಂಬ ಯೋಚನೆ ಕಷ್ಟದಲ್ಲಿರುವ ಎಲ್ಲರಿಗೂ ಬರುತ್ತದೆ. ಹಳ್ಳಿಗರಿಗೆ ಅನ್ವಯಿಸುವುದು ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. 2016ರ ಹೊಸ ಸಂಹಿತೆಯಲ್ಲಿ ಸಾಮಾನ್ಯ ಜನರ ದಿವಾಳಿಯ ಭಾಗ ಜಾರಿಗೆ ಬಂದಿಲ್ಲ. ಅರ್ಜಿ ಒಪ್ಪಿದರೆ ಇದ್ದಬದ್ದ ಆಸ್ತಿ ನ್ಯಾಯಾಲಯದ ರಿಸೀವರ್ ಕೈಗೆ ಹೋಗುತ್ತದೆ, ಅಂದರೆ ಆ ಎರಡೆಕರೆ. ಬಿಡುಗಡೆ ಸಿಗುವ ತನಕ ದಿವಾಳಿಯಾದವರು ಗ್ರಾಮ ಪಂಚಾಯಿತಿಗೆ ನಿಲ್ಲುವಂತಿಲ್ಲ. ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಸಿಕ್ಕಿರುವ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ. ದಿವಾಳಿ ಕೊನೆಯ ಬಾಗಿಲು. ಅರ್ಜಿ, ರಾಜಿ, ಅದಾಲತ್ ಎಂಬ ಬಾಗಿಲುಗಳನ್ನು ತಟ್ಟದೆ ಅಲ್ಲಿಗೆ ಹೋಗಬಾರದು.

ಹೆದರಿಕೆಗೆ ಕಾರಣವಾದರೂ ಏನಿದೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೆಯ ಕಲಮು ಓದಿಸಿಕೊಳ್ಳಿ. ಹಣದ ಡಿಕ್ರಿಗಾಗಿ ಹೆಣ್ಣನ್ನು ಬಂಧಿಸುವಂತಿಲ್ಲ, ಸಿವಿಲ್ ಜೈಲಿನಲ್ಲಿ ಇಡುವಂತಿಲ್ಲ. 60ನೆಯ ಕಲಮಿನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿಯೇ ಇದೆ: ಉಡುವ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ಧರ್ಮದ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಲಾಗದ ಆಭರಣ ಅಂದರೆ ತಾಳಿ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆಯ ಬೀಜ. 1908ರಲ್ಲಿ ಬ್ರಿಟಿಷರು ಮಾಡಿದ ಕಾನೂನು ಇದು. ಕೋರ್ಟಿನ ಅಮೀನನೂ ಮುಟ್ಟಬಾರದೆಂದು ಬಿಳಿಯರ ಕಾನೂನು ಹೇಳಿದ ಬೋಗುಣಿಯನ್ನು ನಮ್ಮ ಅಕ್ಕತಂಗಿಯರು ತಲೆಯ ಮೇಲೆ ಹೊತ್ತು ಕೊಟ್ಟೂರಿಗೆ ನಡೆದರು. ಜಾಮೀನು ಹಾಕಿದವಳ ಹೊಣೆ ಹಣದ್ದು. ಇನ್ನೊಬ್ಬಳ ಅಡುಗೆಮನೆಗೆ ನುಗ್ಗುವ ಅಧಿಕಾರವನ್ನು ಯಾವ ಜಾಮೀನು ಪತ್ರವೂ ಕೊಡುವುದಿಲ್ಲ.

ಇಷ್ಟೆಲ್ಲ ಆದರೂ ಬೈಕು ಅಲ್ಲೇ ಇದೆ. ಕಂತು ಕಡಿಮೆ ಮಾಡಿಸಿಕೊಂಡು ವರದಕ್ಷಿಣೆಯನ್ನು ಐದು ವರ್ಷ ನಿಧಾನವಾಗಿ ಕಟ್ಟುವುದೂ ಒಂದು ಪರಿಹಾರವೆ? 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೆಯ ಕಲಮಿನಂತೆ ಮದುವೆಯಲ್ಲಿ ಕೊಟ್ಟದ್ದು ಯಾರ ಕೈಯಲ್ಲಿದ್ದರೂ ಅದು ಹುಡುಗಿಯದು, ಮೂರು ತಿಂಗಳೊಳಗೆ ಅವಳಿಗೆ ಒಪ್ಪಿಸಬೇಕು, ಒಪ್ಪಿಸದಿದ್ದರೆ ಜೈಲು. ಸ್ತ್ರೀಧನದ ಮೇಲೆ ಹೆಂಡತಿಗೇ ಪೂರ್ಣ ಹಕ್ಕು ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. "ಕೊಟ್ಟವರೂ ಅಪರಾಧಿಗಳಲ್ಲವೇ, ದೂರು ಕೊಟ್ಟರೆ ನಾವೇ ಒಳಗೆ ಹೋಗುತ್ತೇವೆ" ಎಂದು ಊರ ಹಿರಿಯರು ಹೆದರಿಸುತ್ತಾರೆ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ 7ನೆಯ ಕಲಮು ಹೇಳುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹಣ, ಒಡವೆ ಕಿತ್ತುಕೊಳ್ಳುವುದೂ ದೌರ್ಜನ್ಯವೇ. ಸಂರಕ್ಷಣಾಧಿಕಾರಿಯಾದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿ ತಾಲ್ಲೂಕಿನಲ್ಲೇ ಇದೆ. ಮಹಿಳಾ ಸಹಾಯವಾಣಿ 181. ಹಳೆಯ 498ಎ ಈಗ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ, ಹೋಗಿಲ್ಲ. ಮಗಳ ಅರ್ಜಿಯಲ್ಲಿ ಬೈಕಿನ ನಂಬರನ್ನೂ ಮೂರು ತೊಲದ ಅಂಗಡಿ ರಸೀದಿಯನ್ನೂ ಸೇರಿಸಿದ್ದೇವೆ. ರಸೀದಿ ಇಟ್ಟುಕೊಂಡಿದ್ದು ಆ ತಾಯಿಯ ಪುಣ್ಯ.

ಜೀವ ಬೇಡವೆನಿಸಿದ ರಾತ್ರಿಗಳು ಅವರಿಗೂ ಬಂದಿದ್ದವು. ಅಂಥ ರಾತ್ರಿ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಗೋಡೆಯಾಚೆಗಿನ ಮನೆಯ ಬಾಗಿಲು ಫೋನಿಗಿಂತ ಹತ್ತಿರ. ಅದು ತೆರೆದಿರಬೇಕಾದರೆ ಹಗಲು ಹೊತ್ತಿನಲ್ಲಿ ನಾವು ಅವಳ ಕಟ್ಟೆಯ ಮೇಲೆ ಕೂತಿರಬಾರದು.

ಕಳೆದ ವರ್ಷ ನಾನು ಹೋಗುವ ಒಂದು ಸ್ವಸಹಾಯ ಸಂಘದಲ್ಲಿ ಮೂರು ಠರಾವು ಮಂಡಿಸಿದೆ. ಕಂತು ತಪ್ಪಿದವಳ ಮನೆಗೆ ವಸೂಲಿಗೆ ಹೋಗುವುದಿಲ್ಲ, ಅವಳನ್ನೇ ಸಭೆಗೆ ಕರೆದು ಅವಳ ಎಲ್ಲ ಸಾಲವನ್ನೂ ಒಟ್ಟಿಗೆ ಬರೆಯುತ್ತೇವೆ. ಸಂಘದ ಉಳಿತಾಯದಲ್ಲಿ ಒಂದು ಪಾಲು ಸಂಕಷ್ಟಕ್ಕೆಂದು ಎತ್ತಿಟ್ಟು, ಅರ್ಜಿಗೆ ಉತ್ತರ ಬರುವ ತನಕ ಮೂರು ಕಂತಿಗೆ ಬಡ್ಡಿಯಿಲ್ಲದೆ ಕೊಡುತ್ತೇವೆ. ವರದಕ್ಷಿಣೆಗೆಂದು ಗೊತ್ತಿದ್ದೂ ಸಾಲ ಕೊಡುವುದಿಲ್ಲ, ಕಾಗದದಲ್ಲಿ ಎಮ್ಮೆ ಎಂದು ಬರೆಯುವುದಿಲ್ಲ. ಮೊದಲನೆಯದಕ್ಕೆ ಎಲ್ಲರೂ ಕೈ ಎತ್ತಿದರು. ಎರಡನೆಯದಕ್ಕೆ "ಹಂಗಾದ್ರ ಎಲ್ಲಾರೂ ಕಂತು ತಪ್ಪಿಸ್ತಾರ್ರಿ" ಎಂದು ಅರ್ಧ ತಾಸು ಜಗಳವಾಯಿತು. ಮೂರರ ಬದಲು ಎರಡು ಕಂತಿಗೆ ಒಪ್ಪಿದರು. ಮೂರನೆಯದಕ್ಕೆ ಯಾರೂ ಮಾತಾಡಲಿಲ್ಲ. ಬರುವ ಬೇಸಿಗೆಯಲ್ಲಿ ಮಗಳ ಮದುವೆ ಇರುವ ಇಬ್ಬರು ಎದ್ದು ಹೋದರು. ಆ ಠರಾವು ಇನ್ನೂ ಪಾಸಾಗಿಲ್ಲ, ಪ್ರತಿ ತಿಂಗಳೂ ಮಂಡಿಸುತ್ತಿದ್ದೇನೆ.

ಬೋಗುಣಿ ಕಳೆದುಕೊಂಡ ತಾಯಿ ಅದಾಲತ್ತಿನ ತಾರೀಕಿಗೆ ಕೂಡ್ಲಿಗಿಗೆ ಬರುವಾಗ ಈಗ ಅವರ ಓರಗಿತ್ತಿಯೂ ಜೊತೆಗೆ ಬರುತ್ತಾಳೆ, ಸಾಕ್ಷಿ ಹೇಳಲು. ಇಬ್ಬರ ನಡುವೆ ಮಾತಿಲ್ಲ. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದು, ನ್ಯಾಯಾಲಯದ ಮುಂದಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುವಾಗ ಮಾತ್ರ ಒಬ್ಬರ ಚಟ್ನಿಪುಡಿ ಇನ್ನೊಬ್ಬರ ರೊಟ್ಟಿಗೆ ಹೋಗುತ್ತದೆ.